ಹಸಿರು ದೀಪ ಹತ್ತಿದ ಮೇಲಿನ ಕೆಲಸ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಈ ಶಾಲೆಯ 2005ನೇ ಸಾಲಿನ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿ. ಆಮೇಲೆ ಪಿಯುಸಿ, ಬಿ.ಇ. ಮುಗಿಸಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದೇನೆ. ಈ ಗೋಷ್ಠಿಗೆ ಕರೆಯುವಾಗ ಮುಖ್ಯೋಪಾಧ್ಯಾಯರು ಒಂದು ಮಾತು ಹೇಳಿದರು: "ಉಪದೇಶ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ನೀವು ದಿನಾ ಆಫೀಸಿನಲ್ಲಿ ಏನು ಕೆಲಸ ಮಾಡ್ತೀರಿ ಅಂತ ಊರಿನವರಿಗೂ ಮಕ್ಕಳಿಗೂ ತಿಳಿಯೋ ಹಾಗೆ ಹೇಳಿ, ಅಷ್ಟು ಸಾಕು." ಅದೇ ಕಷ್ಟ ನೋಡಿ. ಸಾಫ್ಟ್‌ವೇರ್ ಇಂಜಿನಿಯರ್ ಎಂದ ಕೂಡಲೇ ಊರಿನಲ್ಲಿ ಎರಡು ಪ್ರಶ್ನೆ ಬರುತ್ತವೆ. ಒಂದು, ಸಂಬಳ ಎಷ್ಟು? ಇನ್ನೊಂದು, ನನ್ನ ಮೊಬೈಲ್ ಯಾಕೋ ನಿಧಾನ ಆಗಿದೆ, ಸ್ವಲ್ಪ ನೋಡ್ತೀಯಾ? ಕೆಲಸ ಏನು ಎಂದು ಕೇಳುವವರು ಕಡಿಮೆ. ಕೇಳಿದ್ದಾರೆ, ಹಾಗಾಗಿ ಹೇಳುತ್ತೇನೆ.

ಒಂದೇ ವಾಕ್ಯದಲ್ಲಿ ಹೇಳುವುದಾದರೆ, ಇಂಜಿನಿಯರುಗಳು ಬರೆದ ಸಾಫ್ಟ್‌ವೇರ್ ಸಿದ್ಧವಾಯಿತು ಎಂದು ಯಂತ್ರ ಹೇಳಿದ ಮೇಲೆ, ಯಾರ ಕಣ್ಣಿಗೂ ಬೀಳದೆ ಹಿಂದಿನಿಂದ ನಡೆಯುವ ಕೆಲಸಗಳು ನಿಜವಾಗಿ ನಡೆದವೇ ಎಂದು ಪರೀಕ್ಷಿಸುವುದು ನನ್ನ ಕೆಲಸ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಒಂದು ದೊಡ್ಡ ಸಾಫ್ಟ್‌ವೇರನ್ನು ಒಬ್ಬರೇ ಬರೆಯುವುದಿಲ್ಲ. ಐವತ್ತು ಜನ, ನೂರು ಜನ ಸೇರಿ ಬರೆಯುತ್ತಾರೆ. ಒಬ್ಬರು ಬೆಂಗಳೂರಿನಲ್ಲಿ, ಒಬ್ಬರು ಪುಣೆಯಲ್ಲಿ, ಇನ್ನೊಬ್ಬರು ಅಮೆರಿಕದಲ್ಲಿ. ಹಿಂದೆ ಇವರೆಲ್ಲ ತಿಂಗಳುಗಟ್ಟಲೆ ತಮ್ಮ ತಮ್ಮ ಭಾಗ ಬರೆದು ಕೊನೆಗೆ ಒಂದೇ ಸಲ ಜೋಡಿಸುತ್ತಿದ್ದರು. ಒಂದಕ್ಕೊಂದು ಕೂಡುತ್ತಿರಲಿಲ್ಲ. ಜೋಡಿಸುವುದಕ್ಕೇ ವಾರಗಳು ಹಿಡಿಯುತ್ತಿದ್ದವು. 1990ರ ದಶಕದ ಕೊನೆಯಲ್ಲಿ ಕೆಂಟ್ ಬೆಕ್ ಮತ್ತು ಅವರ ಜೊತೆಗಾರರು, ಬರೆದದ್ದನ್ನು ದಿನಕ್ಕೆ ಹಲವು ಸಲ ಜೋಡಿಸಿ, ಜೋಡಿಸಿದಾಗಲೆಲ್ಲ ಪರೀಕ್ಷೆ ಮಾಡಬೇಕು ಎಂಬ ಪದ್ಧತಿಯನ್ನು ಬಳಕೆಗೆ ತಂದರು. 2000ದಲ್ಲಿ ಮಾರ್ಟಿನ್ ಫೌಲರ್ ಬರೆದ ಲೇಖನದಿಂದ ಅದು ಇನ್ನಷ್ಟು ಜನರಿಗೆ ತಿಳಿಯಿತು. ಇದಕ್ಕೆ ಕಂಟಿನ್ಯುಯಸ್ ಇಂಟಿಗ್ರೇಶನ್ ಎಂದು ಹೆಸರು. ಸತತ ಜೋಡಣೆ ಎಂದುಕೊಳ್ಳಿ. ಯಾರೇ ಒಂದು ಸಾಲು ಬದಲಿಸಿದರೂ ಯಂತ್ರವೊಂದು ಇಡೀ ಸಾಫ್ಟ್‌ವೇರನ್ನು ಮತ್ತೆ ಕಟ್ಟುತ್ತದೆ, ಪರೀಕ್ಷೆಗಳನ್ನು ಓಡಿಸುತ್ತದೆ. ಈ ಒಂದು ಸುತ್ತಿಗೆ ನಾವು ಬಿಲ್ಡ್ ಎನ್ನುತ್ತೇವೆ.

ಇದನ್ನು ಮಾಡುವ ಹೆಸರಾಂತ ಸಾಫ್ಟ್‌ವೇರ್ ಜೆಂಕಿನ್ಸ್. ಜಪಾನಿನ ಕೊಹ್ಸುಕೆ ಕವಾಗುಚಿ ಎಂಬ ಇಂಜಿನಿಯರ್ ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದಾಗ 2004ರಲ್ಲಿ ಹಡ್ಸನ್ ಎಂಬ ಹೆಸರಿನಲ್ಲಿ ಇದನ್ನು ಬರೆಯಲು ಶುರುಮಾಡಿದರು. 2011ರಲ್ಲಿ ಅದಕ್ಕೆ ಜೆಂಕಿನ್ಸ್ ಎಂಬ ಹೆಸರು ಬಂತು. ಬಿಲ್ಡ್ ಸರಿಯಾಗಿ ಮುಗಿದರೆ ಅದರಲ್ಲಿ ಮೊದಲು ಹಸಿರು ಗುಂಡು ಬರುತ್ತಿರಲಿಲ್ಲ, ನೀಲಿ ಗುಂಡು ಬರುತ್ತಿತ್ತು. ಯಾಕೆಂದರೆ ಟ್ರಾಫಿಕ್ ಸಿಗ್ನಲ್ಲಿನಲ್ಲಿ ನಾವು ಹಸಿರು ಎನ್ನುವ ದೀಪವನ್ನು ಜಪಾನಿನವರು ಮಾತಿನಲ್ಲಿ ನೀಲಿ ಎನ್ನುತ್ತಾರೆ. ಈಗ ಎಲ್ಲ ಕಡೆ ಹಸಿರೇ. ಹಸಿರು ಬಂದರೆ ಇಂಜಿನಿಯರ್ ಎದ್ದು ಕಾಫಿಗೆ ಹೋಗುತ್ತಾನೆ. ಅವನ ಪಾಲಿಗೆ ಕೆಲಸ ಮುಗಿಯಿತು.

ಆದರೆ ಮುಗಿದಿಲ್ಲ. ಹಸಿರು ಬಂದ ಮೇಲೆ ಕೆಲಸಗಳ ಒಂದು ಸಾಲೇ ಇದೆ. ಸಿದ್ಧವಾದ ಫೈಲನ್ನು ಉಗ್ರಾಣಕ್ಕೆ ಸೇರಿಸಬೇಕು. ಪರೀಕ್ಷೆಗಳ ಫಲಿತಾಂಶ ಲೆಕ್ಕ ಹಾಕಿ ವರದಿ ಮಾಡಬೇಕು. ಯಾರ ಬದಲಾವಣೆಯಿಂದ ಏನಾಯಿತು ಎಂದು ಸಂಬಂಧಪಟ್ಟವರಿಗೆ ಸಂದೇಶ ಕಳಿಸಬೇಕು. ಹೊಸ ಆವೃತ್ತಿಯನ್ನು ಪ್ರಯೋಗದ ಸರ್ವರಿಗೆ ಹಾಕಬೇಕು. ಜಾಗ ತುಂಬದಂತೆ ಹಳೆಯ ಬಿಲ್ಡ್‌ಗಳನ್ನು ಅಳಿಸಬೇಕು. ಇವೆಲ್ಲವನ್ನೂ ಕಾಯಿಸಿಕೊಂಡು ಕೂತರೆ ಇಂಜಿನಿಯರಿನ ಹೊತ್ತು ಹಾಳು. ಅದಕ್ಕೇ ಇವನ್ನೆಲ್ಲ ಚೀಟಿ ಬರೆದು ಒಂದು ಸಾಲಿನಲ್ಲಿ ಇಡುತ್ತಾರೆ. ಬೇರೆ ಯಾವುದೋ ಕಂಪ್ಯೂಟರ್ ಒಂದೊಂದೇ ಚೀಟಿ ಎತ್ತಿಕೊಂಡು ಮಾಡಿ ಮುಗಿಸುತ್ತದೆ. ಇವಕ್ಕೆ ಬ್ಯಾಕ್‌ಗ್ರೌಂಡ್ ಜಾಬ್ ಎನ್ನುತ್ತಾರೆ. ಉದ್ಯೋಗ ಎಂಬ ಅರ್ಥದ ಜಾಬ್ ಎಂದು ಮಕ್ಕಳು ತಿಳಿಯಬಾರದು. ನಾನು ಹಿನ್ನೆಲೆ ಕೆಲಸ ಎಂದು ಕರೆಯುತ್ತೇನೆ.

ಇಲ್ಲಿರುವ ಅರ್ಧ ಜನಕ್ಕೆ ಇದು ಹೊಸದೇನಲ್ಲ. ಬೆಳಿಗ್ಗೆ ಡೇರಿಗೆ ಹೋಗಿ ಹಾಲು ಹಾಕುತ್ತೀರಿ. ಅಳತೆ ಆಗುತ್ತದೆ, ಫ್ಯಾಟ್ ನೋಡುತ್ತಾರೆ, ಚೀಟಿ ಬರುತ್ತದೆ. ಚೀಟಿ ತೆಗೆದುಕೊಂಡು ಕ್ಯಾನು ತೊಳೆದು ಮನೆಗೆ ಬರುತ್ತೀರಿ. ನಿಮ್ಮ ಪಾಲಿನ ಬಿಲ್ಡ್ ಮುಗಿಯಿತು. ಆದರೆ ಲೆಕ್ಕ ಕೂಡುವುದು, ಪಶು ಆಹಾರದ ಬಾಕಿ ಕಳೆಯುವುದು, ಖಾತೆಗೆ ಹಣ ಹಾಕುವುದು, ಸರ್ಕಾರದ ಪ್ರೋತ್ಸಾಹಧನ ಬರುವುದು, ಇವೆಲ್ಲ ನಿಮ್ಮ ಬೆನ್ನ ಹಿಂದೆ ನಡೆಯುವ ಕೆಲಸ. ಚೀಟಿ ಕೈಗೆ ಬಂದಿದೆ ಎಂದರೆ ಹಣ ಖಾತೆಗೆ ಬಂದಿದೆ ಎಂದು ಅರ್ಥವಲ್ಲ. ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹಸಿರು ದೀಪ ಅಂದರೆ ಆ ಚೀಟಿ.

ಇಂಥ ಹಿನ್ನೆಲೆ ಕೆಲಸವನ್ನು ಪರೀಕ್ಷೆ ಮಾಡುವುದು ಯಾಕೆ ಕಷ್ಟ? ಎರಡಕ್ಕೆ ಎರಡು ಕೂಡಿಸುವ ಪ್ರೋಗ್ರಾಂ ಆದರೆ ಉತ್ತರ ತಕ್ಷಣ ಬರುತ್ತದೆ. ನಾಲ್ಕು ಬಂದರೆ ಸರಿ, ಇಲ್ಲದಿದ್ದರೆ ತಪ್ಪು. ಹಿನ್ನೆಲೆ ಕೆಲಸ ಈಗ ನಡೆಯುವುದಿಲ್ಲ, ಆಮೇಲೆ ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ, ಬೇರೆಲ್ಲೋ ನಡೆಯುತ್ತದೆ. ಒಮ್ಮೊಮ್ಮೆ ಎರಡು ಸಲ ನಡೆಯುತ್ತದೆ. ಕೆಲವು ಸಲ ನಡೆಯುವುದೇ ಇಲ್ಲ, ಸದ್ದೂ ಮಾಡುವುದಿಲ್ಲ. ಈ ನಾಲ್ಕನ್ನೂ ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ಆಮೇಲೆ ಎಂಬುದು. ಬಿಲ್ಡ್ ಮುಗಿದ ಮೇಲೆ ವರದಿ ಸಿದ್ಧವಾಗಬೇಕು. ಪರೀಕ್ಷೆ ಬರೆಯುವ ಹೊಸ ಇಂಜಿನಿಯರ್ ಏನು ಮಾಡುತ್ತಾನೆ ಅಂದರೆ, ಐದು ಸೆಕೆಂಡು ಸುಮ್ಮನೆ ಕಾದು, ಆಮೇಲೆ ವರದಿ ಇದೆಯೇ ಎಂದು ನೋಡುತ್ತಾನೆ. ಕೆಲಸ ಒಂದೇ ಸೆಕೆಂಡಿನಲ್ಲಿ ಮುಗಿದರೆ ನಾಲ್ಕು ಸೆಕೆಂಡು ದಂಡ. ಯಂತ್ರಕ್ಕೆ ಹೊರೆ ಹೆಚ್ಚಾಗಿ ಆರು ಸೆಕೆಂಡು ಹಿಡಿದರೆ, ಸರಿಯಾಗಿರುವ ಕೆಲಸಕ್ಕೂ ಕೆಂಪು ದೀಪ. ಇವತ್ತು ಪಾಸು, ನಾಳೆ ಫೇಲು, ನಾಡಿದ್ದು ಪಾಸು. ಇಂಥ ಪರೀಕ್ಷೆ ಇಲ್ಲದಿರುವುದೇ ವಾಸಿ, ಯಾಕೆಂದರೆ ಜನ ಕೆಂಪು ದೀಪಕ್ಕೆ ಬೆಲೆ ಕೊಡುವುದನ್ನೇ ಬಿಡುತ್ತಾರೆ. ತಾಯಂದಿರು ಕುಕ್ಕರ್ ಇಟ್ಟಾಗ ಗಡಿಯಾರ ನೋಡುತ್ತಾ ಕೂರುವುದಿಲ್ಲ, ಸೀಟಿ ಎಣಿಸುತ್ತಾರೆ. ಹಾಗೆಯೇ ನಾವು ಮತ್ತೆ ಮತ್ತೆ "ಆಯಿತಾ?" ಎಂದು ಕೇಳುವಂತೆ ಬರೆಯುತ್ತೇವೆ. ಆದ ತಕ್ಷಣ ಮುಂದಕ್ಕೆ ಹೋಗುವುದು. ಆದರೆ ಒಂದು ಕೊನೆಯ ಗಡುವೂ ಇರಬೇಕು. ಗಡುವು ಮೀರಿದರೆ ನಪಾಸು, ಅದರಲ್ಲಿ ದಾಕ್ಷಿಣ್ಯ ಇಲ್ಲ.

ಮೂವತ್ತು ದಿನವಾದ ಬಿಲ್ಡನ್ನು ಅಳಿಸು ಎಂಬಂಥ ಕೆಲಸಗಳೂ ಇರುತ್ತವೆ. ಅದನ್ನು ಪರೀಕ್ಷಿಸಲು ಮೂವತ್ತು ದಿನ ಕಾಯಲು ಆಗುತ್ತದೆಯೇ? ಅದಕ್ಕೆ ಪ್ರೋಗ್ರಾಮಿನ ಕೈಗೆ ನಿಜವಾದ ಗಡಿಯಾರ ಕೊಡುವುದಿಲ್ಲ, ನಾವು ತಿರುಗಿಸಬಹುದಾದ ಗಡಿಯಾರ ಕೊಡುತ್ತೇವೆ. ಇಪ್ಪತ್ತೊಂಬತ್ತು ದಿನ ಮುಂದಕ್ಕೆ ತಿರುಗಿಸಿದಾಗ ಫೈಲು ಇರಬೇಕು, ಮೂವತ್ತೊಂದಕ್ಕೆ ಹೋಗಿರಬೇಕು. ಸರಿಯಾಗಿ ಮೂವತ್ತನೆಯ ದಿನ ಏನಾಗಬೇಕು ಎಂದು ಮೊದಲೇ ತೀರ್ಮಾನ ಮಾಡಿರಬೇಕು. ಬಹುಪಾಲು ಜಗಳಗಳು ಆ ಮೂವತ್ತನೆಯ ದಿನದ ಮೇಲೆಯೇ.

ಎರಡನೆಯದು, ಬೇರೆಲ್ಲೋ ಎಂಬುದು. ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹಿನ್ನೆಲೆ ಕೆಲಸಗಳಿಗಾಗಿ ಸೈಡ್‌ಕಿಕ್ ಎಂಬ ಸಾಧನ ಇದೆ. ಅದರಲ್ಲಿ ಪರೀಕ್ಷೆಯ ವೇಳೆ ಕೆಲಸವನ್ನು ಸಾಲಿಗೆ ಕಳಿಸದೆ ಅಲ್ಲೇ, ಆಗಲೇ ಮಾಡಿಸಿಬಿಡುವ ಒಂದು ವಿಧಾನ ಇದೆ. ಬಹಳ ಅನುಕೂಲ. ಆದರೆ ಅದು ಒಂದು ಅಪಾಯವನ್ನು ಮುಚ್ಚಿಡುತ್ತದೆ. ನಿಜವಾದ ಬಳಕೆಯಲ್ಲಿ ಬಿಲ್ಡಿನ ವಿವರ ಡೇಟಾಬೇಸಿನಲ್ಲಿ ಪೂರ್ತಿ ದಾಖಲಾಗುವ ಮೊದಲೇ ಚೀಟಿ ಸಾಲಿಗೆ ಹೋಗಿ, ಇನ್ನೊಂದು ಕಂಪ್ಯೂಟರ್ ಅದನ್ನು ಎತ್ತಿಕೊಂಡುಬಿಡಬಹುದು. "42ನೇ ಬಿಲ್ಡಿನ ವರದಿ ಮಾಡು" ಎಂದು ಚೀಟಿ ಹೇಳುತ್ತದೆ. ಆ ಕಂಪ್ಯೂಟರ್ ಹೋಗಿ ನೋಡಿದರೆ 42 ಎಂಬ ಬಿಲ್ಡೇ ಇಲ್ಲ. ಹಾಜರಿ ಪುಸ್ತಕಕ್ಕೆ ಹೆಸರು ಬರೆಯುವ ಮೊದಲೇ ಮಗುವನ್ನು ತರಗತಿಗೆ ಕಳಿಸಿದ ಹಾಗೆ. ಪರೀಕ್ಷೆಯಲ್ಲಿ ಎಲ್ಲವೂ ಒಂದೇ ಕಡೆ, ಒಂದರ ಹಿಂದೆ ಒಂದು ನಡೆಯುವುದರಿಂದ ಇದು ಎಂದೂ ಕಾಣುವುದಿಲ್ಲ. ಹಾಗಾಗಿ ಬೇಗ ಮುಗಿಯುವ ಪರೀಕ್ಷೆಗಳು ನೂರು ಇದ್ದರೆ, ನಿಜವಾದ ಸಾಲು, ನಿಜವಾದ ಡೇಟಾಬೇಸ್, ಬೇರೆಯೇ ಕಂಪ್ಯೂಟರ್ ಇಟ್ಟುಕೊಂಡು ಮಾಡುವ ಪರೀಕ್ಷೆಗಳು ನಾಲ್ಕೈದಾದರೂ ಇರಲೇಬೇಕು. ಅವು ನಿಧಾನ. ಆದರೂ ಬೇಕು.

ಮೂರನೆಯದು, ಎರಡು ಸಲ ಎಂಬುದು. ಕೆಲಸದ ಮಧ್ಯೆ ನೆಟ್‌ವರ್ಕ್ ಹೋದರೆ ಅಥವಾ ಯಂತ್ರ ನಿಂತರೆ ಏನು ಮಾಡಬೇಕು? ಮತ್ತೆ ಪ್ರಯತ್ನಿಸಬೇಕು. ಈಗ ಹೇಳಿದ ಸೈಡ್‌ಕಿಕ್, ಬೇರೆ ಏನೂ ಹೇಳದಿದ್ದರೆ, ವಿಫಲವಾದ ಕೆಲಸವನ್ನು ಅಂತರ ಹೆಚ್ಚಿಸುತ್ತಾ 25 ಸಲ ಮತ್ತೆ ಪ್ರಯತ್ನಿಸುತ್ತದೆ. ಅಷ್ಟಾಗುವ ಹೊತ್ತಿಗೆ ಸುಮಾರು ಮೂರು ವಾರ ಕಳೆದಿರುತ್ತದೆ. ಒಳ್ಳೆಯದೇ. ಆದರೆ ಕೆಲಸ ಮುಗಿದು, "ಮುಗಿಯಿತು" ಎಂದು ಹೇಳುವ ಮೊದಲು ಯಂತ್ರ ನಿಂತುಹೋಗಿದ್ದರೆ? ಮುಗಿದ ಕೆಲಸವೇ ಮತ್ತೊಮ್ಮೆ ನಡೆಯುತ್ತದೆ. ವರದಿ ಎರಡು ಸಲ ಹೋದರೆ ಪರವಾಗಿಲ್ಲ. ಡೇರಿಯ ಹಣ ಎರಡು ಸಲ ಖಾತೆಗೆ ಬಂದರೆ? ಮೊದಲು ಖುಷಿ, ಆಮೇಲೆ ಬ್ಯಾಂಕಿನವರು ವಾಪಸ್ ಹಿಡಿದುಕೊಂಡಾಗ ಗಲಾಟೆ. ಆದ್ದರಿಂದ ಒಂದೇ ಕೆಲಸ ಹತ್ತು ಸಲ ನಡೆದರೂ ಫಲ ಒಂದೇ ಸಲದಷ್ಟು ಇರಬೇಕು ಎಂಬುದು ನಮ್ಮಲ್ಲಿ ದೊಡ್ಡ ನಿಯಮ. ಇದರ ಪರೀಕ್ಷೆ ಮಾತ್ರ ಬಹಳ ಸುಲಭ: ಅದೇ ಕೆಲಸವನ್ನು ಬೇಕೆಂದೇ ಎರಡು ಸಲ ಓಡಿಸಿ ಎಣಿಸುವುದು. ಎರಡೇ ಸಾಲಿನ ಪರೀಕ್ಷೆ. ಆದರೂ ಇದನ್ನು ಬರೆಯುವವರು ಕಡಿಮೆ.

ಇದಕ್ಕೇ ಸೇರಿದ ಇನ್ನೊಂದು ತೊಂದರೆ ಇದೆ. 41ನೇ ಬಿಲ್ಡಿನ ಕೆಲಸ ಯಾವುದೋ ಕಾರಣಕ್ಕೆ ತಡವಾಗಿ, 42ನೇ ಬಿಲ್ಡಿನ ಕೆಲಸ ಮೊದಲೇ ಮುಗಿದುಬಿಡಬಹುದು. ಆಮೇಲೆ ಬಂದ 41, "ಇದೇ ಹೊಸತು" ಎಂದು ಬರೆದುಕೊಂಡರೆ ಎಲ್ಲರೂ ಹಳೆಯದನ್ನೇ ಹೊಸತು ಎಂದು ತಿಳಿಯುತ್ತಾರೆ. ಬಿಲ್ಡುಗಳನ್ನು ತಿರುಗುಮುರುಗಾಗಿ ಕಳಿಸಿ ನೋಡಿದರೆ ಮಾತ್ರ ಇದು ಗೊತ್ತಾಗುತ್ತದೆ.

ಈಗ ಹಳೆಯದನ್ನು ಅಳಿಸುವ ಕೆಲಸದ ವಿಚಾರ ಒಂದಿಷ್ಟು ಹೇಳಬೇಕು. ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ನಡೆದದ್ದು, ಹೆಸರು ಬೇಡ. ಅಲ್ಲಿ ಪ್ರತಿ ಬಿಲ್ಡ್ ಮುಗಿದ ಮೇಲೆ, ಈಚಿನ ಇಪ್ಪತ್ತು ಬಿಲ್ಡುಗಳನ್ನು ಉಳಿಸಿಕೊಂಡು ಮಿಕ್ಕದ್ದನ್ನು ಅಳಿಸುವ ಒಂದು ಹಿನ್ನೆಲೆ ಕೆಲಸ ಇತ್ತು. ಅದಕ್ಕೆ ಪರೀಕ್ಷೆಯೂ ಇತ್ತು. ಇಪ್ಪತ್ತೈದು ಬಿಲ್ಡ್ ಇಡು, ಕೆಲಸ ಓಡಿಸು, ಇಪ್ಪತ್ತು ಉಳಿದಿದೆಯೇ ನೋಡು. ಉಳಿದಿತ್ತು. ಹಸಿರು. ಎಷ್ಟೋ ತಿಂಗಳು ಎಲ್ಲ ಸರಿಯಾಗಿಯೇ ನಡೆಯಿತು, ಯಾಕೆಂದರೆ ದಿನಕ್ಕೆ ಎರಡು ಮೂರು ಬಿಲ್ಡ್ ಆಗುತ್ತಿದ್ದವು, ವಾರಕ್ಕೊಮ್ಮೆ ಹೊಸ ಆವೃತ್ತಿ ಗ್ರಾಹಕರಿಗೆ ಹೋಗುತ್ತಿತ್ತು. ಒಂದು ವಾರ ಕೆಲಸದ ಒತ್ತಡ ಹೆಚ್ಚಾಗಿ ಎರಡೇ ದಿನದಲ್ಲಿ ಮೂವತ್ತಕ್ಕೂ ಹೆಚ್ಚು ಬಿಲ್ಡ್ ಆದವು. ಆ ಶುಕ್ರವಾರ ಸಂಜೆ ಗ್ರಾಹಕರಿಗೆ ಕಳಿಸಿದ ಹೊಸ ಆವೃತ್ತಿಯಲ್ಲಿ ದೋಷ ಕಂಡಿತು. ಹಿಂದಿನ ಆವೃತ್ತಿಗೆ ಮರಳೋಣ ಎಂದು ಉಗ್ರಾಣಕ್ಕೆ ಹೋದರೆ ಅದು ಅಲ್ಲಿರಲಿಲ್ಲ. ಇಪ್ಪತ್ತರ ಆಚೆಗೆ ಸರಿದು ಅಳಿಸಿಹೋಗಿತ್ತು.

ಆ ಸಾಫ್ಟ್‌ವೇರ್ ಬಳಸುತ್ತಿದ್ದದ್ದು ರಕ್ತಪರೀಕ್ಷೆ ಮಾಡುವ ಲ್ಯಾಬುಗಳು. ಹಳೆಯ ಕೋಡಿನಿಂದ ಮತ್ತೆ ಕಟ್ಟಿ ಕಳಿಸುವ ಹೊತ್ತಿಗೆ ಬೆಳಗಾಗಿತ್ತು. ಆ ರಾತ್ರಿಯೆಲ್ಲ ಲ್ಯಾಬಿನವರು ವರದಿಗಳನ್ನು ಕೈಯಲ್ಲಿ ಬರೆದುಕೊಟ್ಟರು. ಆಸ್ಪತ್ರೆಯ ಬೆಂಚಿನ ಮೇಲೆ ವರದಿಗಾಗಿ ಕಾದು ಕೂತವರಿಗೆ ಬಿಲ್ಡ್ ಅಂದರೆ ಏನು, ಹಿನ್ನೆಲೆ ಕೆಲಸ ಅಂದರೆ ಏನು ಗೊತ್ತಿರುತ್ತದೆಯೇ? ಅವರಿಗೆ ಗೊತ್ತಾದದ್ದು ತಡ ಆಯಿತು ಎಂಬುದಷ್ಟೇ.

ಪರೀಕ್ಷೆ ತಪ್ಪಾಗಿರಲಿಲ್ಲ. ಇಪ್ಪತ್ತು ಉಳಿದಿದೆಯೇ ಎಂದು ಅದು ಕೇಳಿತ್ತು, ಹೌದು ಎಂಬ ಉತ್ತರ ಬಂದಿತ್ತು. ಅಳಿಸಿದ ಐದರಲ್ಲಿ ಯಾರಾದರೂ ಬಳಸುತ್ತಿರುವುದು ಇದೆಯೇ ಎಂದು ಯಾರೂ ಕೇಳಿರಲಿಲ್ಲ. ಆಮೇಲೆ ಆ ಪರೀಕ್ಷೆಗಳನ್ನು ಹೊಸದಾಗಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಬಳಕೆಯಲ್ಲಿರುವ ಬಿಲ್ಡ್ ಇಪ್ಪತ್ತನೆಯದಾಗಿದ್ದರೆ, ಇಪ್ಪತ್ತೊಂದನೆಯದಾಗಿದ್ದರೆ, ನೂರನೆಯದಾಗಿದ್ದರೆ, ಹೀಗೆ ಪ್ರತಿಯೊಂದಕ್ಕೂ ಒಂದು ಪರೀಕ್ಷೆ ಬರೆದೆ. ಬಿಲ್ಡ್ ವಿಫಲವಾದರೆ, ಯಾರೋ ನಡುವೆಯೇ ನಿಲ್ಲಿಸಿದರೆ ಅಳಿಸುವ ಕೆಲಸ ಓಡಬೇಕೇ ಬೇಡವೇ ಎಂಬುದಕ್ಕೂ ಒಂದೊಂದು. ಬಿಲ್ಡ್ ಗೆದ್ದರೆ, ಸೋತರೆ, ಅರ್ಧಕ್ಕೆ ನಿಂತರೆ, ಏನೇ ಆದರೂ ಎಂದು ಬೇರೆ ಬೇರೆ ಕೆಲಸ ಹೇಳಲು ಜೆಂಕಿನ್ಸಿನಲ್ಲಿ ಜಾಗ ಇದೆ. ನಾವು ಸಾಮಾನ್ಯವಾಗಿ ಗೆದ್ದ ದಾರಿಯನ್ನಷ್ಟೇ ಪರೀಕ್ಷಿಸುತ್ತೇವೆ. ಅಂದಿನಿಂದ ಇದೇ ನನ್ನ ಮುಖ್ಯ ಕೆಲಸವಾಯಿತು.

ನಾಲ್ಕನೆಯದು ಮೌನ. ಇದು ಎಲ್ಲಕ್ಕಿಂತ ಕೆಟ್ಟದ್ದು. ಇದಕ್ಕೆ ಜಗತ್ತಿಗೇ ಗೊತ್ತಿರುವ ಒಂದು ಉದಾಹರಣೆ ಇದೆ. ಗಿಟ್‌ಲ್ಯಾಬ್ ಎಂಬುದು ಇಂಜಿನಿಯರುಗಳು ಕೋಡ್ ಇಟ್ಟುಕೊಳ್ಳುವ, ಬಿಲ್ಡ್ ಮಾಡುವ ಹೆಸರಾಂತ ಸೇವೆ. 2017ರ ಜನವರಿ 31ರಂದು ಅಲ್ಲಿನ ಒಬ್ಬ ಇಂಜಿನಿಯರ್ ರಾತ್ರಿಯ ಹೊತ್ತು ಒಂದು ತೊಂದರೆ ಸರಿಪಡಿಸಲು ಹೋಗಿ, ಅಳಿಸಬೇಕಾದ ಡೇಟಾಬೇಸಿನ ಬದಲು ಮುಖ್ಯ ಡೇಟಾಬೇಸನ್ನೇ ಅಳಿಸಿಬಿಟ್ಟರು. ತಪ್ಪು ತಿಳಿದು ನಿಲ್ಲಿಸುವ ಹೊತ್ತಿಗೆ ಸುಮಾರು 300 ಜಿಬಿ ಹೋಗಿತ್ತು. ಸರಿ, ಬ್ಯಾಕಪ್ ಇದೆಯಲ್ಲ ಎಂದು ಹುಡುಕಿದರು. ದಿನಕ್ಕೊಮ್ಮೆ ತಾನಾಗಿ ಬ್ಯಾಕಪ್ ತೆಗೆದು ಬೇರೆಡೆ ಇಡುವ ಹಿನ್ನೆಲೆ ಕೆಲಸ ಒಂದಿತ್ತು. ಇಡಬೇಕಾದ ಜಾಗದಲ್ಲಿ ನೋಡಿದರೆ ಖಾಲಿ. ಡೇಟಾಬೇಸ್ 9.6ನೇ ಆವೃತ್ತಿಯದು, ಬ್ಯಾಕಪ್ ತೆಗೆಯುವ ಸಾಧನ 9.2ನೇ ಆವೃತ್ತಿಯದು. ಎರಡಕ್ಕೂ ಹೊಂದದೆ ಆ ಕೆಲಸ ಓಡಿದಾಗಲೆಲ್ಲ ವಿಫಲವಾಗುತ್ತಿತ್ತು.

ವಿಫಲವಾದರೆ ತಿಳಿಸಲು ಇಮೇಲ್ ವ್ಯವಸ್ಥೆ ಇರಲಿಲ್ಲವೇ? ಇತ್ತು. ಯಂತ್ರ ಇಮೇಲ್ ಕಳಿಸುತ್ತಲೇ ಇತ್ತು. ಆದರೆ ನಕಲಿ ಇಮೇಲುಗಳನ್ನು ತಡೆಯುವ ಡಿಮಾರ್ಕ್ ಎಂಬ ಪದ್ಧತಿಗೆ ತಕ್ಕಂತೆ ಆ ಇಮೇಲುಗಳು ಇರಲಿಲ್ಲ. ಹಾಗಾಗಿ ಅವನ್ನು ಪಡೆಯಬೇಕಾದ ಕಡೆಯಲ್ಲೇ ತಿರಸ್ಕರಿಸಲಾಗುತ್ತಿತ್ತು. ಕೆಲಸ ನಿಂತಿತ್ತು, ನಿಂತಿದೆ ಎಂದು ಕೂಗುವ ಬಾಯಿಯೂ ಕಟ್ಟಿತ್ತು. ಒಬ್ಬ ಇಂಜಿನಿಯರ್ ಬೇರೆ ಕಾರಣಕ್ಕಾಗಿ ಸುಮಾರು ಆರು ಗಂಟೆ ಮೊದಲು ಕೈಯಾರೆ ತೆಗೆದಿಟ್ಟಿದ್ದ ಒಂದು ಪ್ರತಿ ಅದೃಷ್ಟಕ್ಕೆ ಉಳಿದಿತ್ತು. ಅದರಿಂದಲೇ ಸೇವೆಯನ್ನು ಮತ್ತೆ ನಿಲ್ಲಿಸಿದರು. ನಡುವಿನ ಆರು ಗಂಟೆಯ ಬದಲಾವಣೆಗಳು ಡೇಟಾಬೇಸಿನಿಂದ ಹೋದವು. ಸುಮಾರು 5,000 ಪ್ರಾಜೆಕ್ಟುಗಳು, 5,000 ಕಾಮೆಂಟುಗಳು, 700 ಹೊಸ ಖಾತೆಗಳಿಗೆ ಪೆಟ್ಟು ಬಿತ್ತು. ಸೇವೆ ಮರಳಲು ಸುಮಾರು 18 ಗಂಟೆ ಹಿಡಿಯಿತು. ಗಿಟ್‌ಲ್ಯಾಬಿನವರನ್ನು ಒಂದು ವಿಷಯಕ್ಕೆ ಮೆಚ್ಚಬೇಕು. ಅವರು ಏನನ್ನೂ ಮುಚ್ಚಿಡಲಿಲ್ಲ. ರಿಪೇರಿಯನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿದರು, ಆಮೇಲೆ ಪೂರ್ತಿ ವರದಿ ಪ್ರಕಟಿಸಿದರು. ಅದನ್ನು ಓದಿ ನನ್ನಂಥ ಸಾವಿರಾರು ಜನ ಕಲಿತರು.

ಇಲ್ಲಿ ಗಮನಿಸಬೇಕಾದ ಮಾತು ಒಂದಿದೆ. ಡೇರಿಗೆ ಹಾಲಿನ ಗಾಡಿ ಬರದಿದ್ದರೆ ಅರ್ಧ ಗಂಟೆಯೊಳಗೆ ಇಡೀ ಊರಿಗೆ ಗೊತ್ತಾಗುತ್ತದೆ, ಯಾಕೆಂದರೆ ಅದಕ್ಕಾಗಿ ಕಾಯುವವರು ಇದ್ದಾರೆ. ಹಿನ್ನೆಲೆ ಕೆಲಸಕ್ಕೆ ಕಾಯುವವರೇ ಇರುವುದಿಲ್ಲ. ಹಾಗಾಗಿ ಕಾಯುವವರನ್ನು ನಾವೇ ನೇಮಿಸಬೇಕು. ಕೆಟ್ಟರೆ ಹೇಳು ಎಂದರೆ ಸಾಲದು, ಸತ್ತವನು ಸತ್ತೆ ಎಂದು ಹೇಳುವುದಿಲ್ಲ. ಮುಗಿದರೆ ಹೇಳು ಎನ್ನಬೇಕು. ಪ್ರತಿ ರಾತ್ರಿ ಎರಡು ಗಂಟೆಯೊಳಗೆ "ಮುಗಿಯಿತು, ಇಷ್ಟು ದೊಡ್ಡ ಫೈಲು ಬಂತು" ಎಂಬ ಸುದ್ದಿ ಬರಬೇಕು. ಬರದಿದ್ದರೆ ಬೇರೆಯೇ ಒಂದು ಯಂತ್ರ ಗಂಟೆ ಬಾರಿಸಬೇಕು. ಆ ಗಂಟೆಯೂ ಬಾರಿಸುತ್ತದೆಯೇ ಎಂದು ತಿಂಗಳಿಗೊಮ್ಮೆ ಬೇಕೆಂದೇ ಕೆಲಸ ಕೆಡಿಸಿ ನೋಡಬೇಕು. ಬ್ಯಾಕಪ್ ಇದೆ ಎಂದರೂ ಸಾಲದು, ಅದರಿಂದ ಡೇಟಾಬೇಸನ್ನು ಮತ್ತೆ ಕಟ್ಟಲು ಬರುತ್ತದೆಯೇ ಎಂದು ಕಟ್ಟಿಯೇ ನೋಡಬೇಕು.

ಮಕ್ಕಳೇ, ಈಗ ನಿಮ್ಮ ಕಡೆಗೆ ಬರುತ್ತೇನೆ. ಈ ಕೆಲಸಕ್ಕೆ ಬೇಕಾದ ಬುದ್ಧಿಯನ್ನು ನಾನು ಬಿ.ಇ.ಯಲ್ಲಿ ಕಲಿತದ್ದಕ್ಕಿಂತ ಹೆಚ್ಚಾಗಿ ನಮ್ಮ ವಿಜ್ಞಾನದ ಮೇಷ್ಟ್ರ ಹತ್ತಿರ ಕಲಿತೆ. ಎಲೆಯ ಪ್ರಯೋಗ ನೀವೂ ಓದಿರುತ್ತೀರಿ. ಕುಂಡದ ಗಿಡವನ್ನು ಎರಡು ಮೂರು ದಿನ ಕತ್ತಲಲ್ಲಿಟ್ಟು, ಒಂದು ಎಲೆಯ ಸ್ವಲ್ಪ ಭಾಗಕ್ಕೆ ಕಪ್ಪು ಕಾಗದ ಸುತ್ತಿ ಬಿಸಿಲಿಗೆ ಇಡುತ್ತೇವೆ. ಆಮೇಲೆ ಎಲೆಯನ್ನು ಕಿತ್ತು ಸ್ಪಿರಿಟ್ಟಿನಲ್ಲಿ ಬಣ್ಣ ತೆಗೆದು ಅಯೋಡಿನ್ ಹಾಕುತ್ತೇವೆ. ಬಿಸಿಲು ಬಿದ್ದ ಭಾಗ ನೀಲಿಗಪ್ಪಾಗುತ್ತದೆ, ಮುಚ್ಚಿದ ಭಾಗ ಆಗುವುದಿಲ್ಲ. ಎಲೆಯನ್ನು ಮುಚ್ಚದೆಯೇ ಪ್ರಯೋಗ ಮಾಡಿದರೂ ನೀಲಿ ಬರುತ್ತದಲ್ಲ, ಕಾಗದ ಯಾಕೆ ಬೇಕು ಎಂದು ಆಗ ನಮಗೆ ಅನ್ನಿಸುತ್ತಿತ್ತು. ಆ ನೀಲಿ ಬೆಳಕಿನಿಂದಲೇ ಬಂದದ್ದು ಎಂದು ತೋರಿಸುವುದು ಆ ಮುಚ್ಚಿದ ಭಾಗ. ನಾನು ಇವತ್ತಿಗೂ ಒಂದು ಪರೀಕ್ಷೆ ಬರೆದು ಹಸಿರು ಬಂದರೆ ನಂಬುವುದಿಲ್ಲ. ಕೋಡನ್ನು ಬೇಕೆಂದೇ ಕೆಡಿಸುತ್ತೇನೆ. ಆಗ ಕೆಂಪು ಬಂದರೆ ಮಾತ್ರ ಆ ಹಸಿರಿಗೆ ಬೆಲೆ. ಕೆಡಿಸಿದರೂ ಹಸಿರೇ ಬಂದರೆ ಅದು ಪರೀಕ್ಷೆಯೇ ಅಲ್ಲ, ಬರೀ ಬಣ್ಣ.

ಇಂಗ್ಲಿಷ್ ಬಾರದು, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಈ ಕೆಲಸ ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ಹೆದರಬೇಡಿ. ಇಂಗ್ಲಿಷ್ ಕಲಿಯಬೇಕು, ನಾನೂ ಕಲಿತೆ. ಆದರೆ "ಇದು ಆಯಿತು ಅಂತ ನಿನಗೆ ಹೇಗೆ ಗೊತ್ತು?" ಎಂಬ ಪ್ರಶ್ನೆಯನ್ನು ಯಾವ ಭಾಷೆಯಲ್ಲಿ ಕೇಳಿದರೂ ಅದರ ತೂಕ ಒಂದೇ. ಅದನ್ನು ಕೇಳುವ ಅಭ್ಯಾಸ ಇದ್ದವರು ನಮ್ಮ ಕೆಲಸಕ್ಕೆ ಬೇಕು.

ಕೊನೆಯದಾಗಿ ಹಳೆಯ ವಿದ್ಯಾರ್ಥಿಗಳಿಗೂ ಊರಿನವರಿಗೂ ಒಂದು ವಿನಂತಿ. ನಿನ್ನೆ ಇದೇ ವೇದಿಕೆಯಲ್ಲಿ ಶಾಲೆಗೆ ಕಂಪ್ಯೂಟರುಗಳನ್ನು ಹಸ್ತಾಂತರಿಸಿದೆವು. ಬಡ ಮಕ್ಕಳ ವಿದ್ಯಾರ್ಥಿವೇತನಕ್ಕೆ ದತ್ತಿ ನಿಧಿ ಘೋಷಿಸಿದೆವು. ಚಪ್ಪಾಳೆ ಬಿತ್ತು, ಫೋಟೋ ಆಯಿತು, ಈ ಸಂಚಿಕೆಯಲ್ಲೂ ಅಚ್ಚಾಗುತ್ತದೆ. ಅದು ಹಸಿರು ದೀಪ. ನಾಳೆ ಶಾಮಿಯಾನ ಬಿಚ್ಚುತ್ತಾರೆ, ನಾವು ಬಸ್ಸು ಹತ್ತುತ್ತೇವೆ. ಆಮೇಲಿನ ಕೆಲಸ ಶುರುವಾಗುವುದು ಆಗ. ಕಂಪ್ಯೂಟರಿನ ಬ್ಯಾಟರಿ ಹೋದರೆ ಯಾರು ನೋಡುತ್ತಾರೆ? ವಿದ್ಯಾರ್ಥಿವೇತನದ ಹಣ, ಖಾತೆಗೆ ಆಧಾರ್ ಜೋಡಣೆ ಆಗಿಲ್ಲ ಎಂದು ಬ್ಯಾಂಕಿನಲ್ಲೇ ನಿಂತರೆ ಯಾರಿಗೆ ತಿಳಿಯುತ್ತದೆ? ಆ ಮಗು ಬಂದು ಕೇಳುವುದಿಲ್ಲ. ತನಗೆ ಬರಬೇಕಿತ್ತು ಎಂಬುದೇ ಅದಕ್ಕೆ ಗೊತ್ತಿರಲಿಕ್ಕಿಲ್ಲ. ಹಣ ಬಂದೀತೆಂದು ನೋಟ್ಸು ಕೊಳ್ಳದೆ ಕಾದು, ಕೊನೆಗೆ ಶಾಲೆಯನ್ನೇ ಬಿಟ್ಟರೂ ನಮಗೆ ಯಾವ ಸದ್ದೂ ಕೇಳಿಸುವುದಿಲ್ಲ.

ಹಾಗಾಗಿ ನಮ್ಮ ಬ್ಯಾಚಿನವರು ಸೇರಿ ಒಂದು ತೀರ್ಮಾನ ಮಾಡಿದ್ದೇವೆ, ನಿಮ್ಮ ಒಪ್ಪಿಗೆ ಇದ್ದರೆ ಸಂಘದ ತೀರ್ಮಾನವೂ ಆಗಲಿ. ಪ್ರತಿ ವರ್ಷ ಆಗಸ್ಟ್ 15ರಂದು ಧ್ವಜಾರೋಹಣ ಆದ ಮೇಲೆ, ಇದೇ ಮೈದಾನದಲ್ಲಿ ಒಂದು ಪುಟದ ವರದಿ ಓದಬೇಕು. ಎಷ್ಟು ಕಂಪ್ಯೂಟರ್ ಆ ದಿನ ಬೆಳಿಗ್ಗೆ ಆನ್ ಆದವು, ಎಷ್ಟು ಮಕ್ಕಳ ಖಾತೆಗೆ ಹಣ ತಲುಪಿತು, ಎಷ್ಟು ತಲುಪಿಲ್ಲ. ಕಳಿಸಿದ ಲೆಕ್ಕ ಬೇಡ, ತಲುಪಿದ ಲೆಕ್ಕ ಬೇಕು. ಯಾರು ಓದುತ್ತಾರೆ ಎಂದು ಹೆಸರು ಈಗಲೇ ನಿಗದಿ ಆಗಲಿ. ಮೊದಲ ವರ್ಷದ್ದನ್ನು ನಾನು ಓದುತ್ತೇನೆ. ಆ ದಿನ ವರದಿ ಓದದಿದ್ದರೆ, "ಯಾಕೆ ಓದಲಿಲ್ಲ?" ಎಂದು ಕೇಳುವ ಹಕ್ಕು ಮುಂದೆ ಕೂತಿರುವ ಈ ಮಕ್ಕಳಿಗೆ ಇದೆ. ಮಕ್ಕಳೇ, ಸಂಕೋಚ ಬೇಡ, ಎದ್ದು ನಿಂತು ಕೇಳಿ.